ಮೆಟ್ಟಿಲೋ ಇಳಿಜಾರೋ: ಮಯಲಿನ್ ಕಾಯಿಲೆಗಳಲ್ಲಿ ಊನ ಹೆಚ್ಚುವ ಬಗೆ, ಅದಕ್ಕೆ ತಕ್ಕ ಚಿಕಿತ್ಸೆಯ ಆಯ್ಕೆ

ನರತಂತುಗಳ ಮೇಲಿನ ಮಯಲಿನ್ ಪೊರೆಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೆಡಿಸುವ ಕಾಯಿಲೆಗಳು ಹಲವು. ಎಂಎಸ್ ಎಂದು ಕರೆಯುವ ಮಲ್ಟಿಪಲ್ ಸ್ಕ್ಲೆರೋಸಿಸ್, ಎನ್‌ಎಂಒಎಸ್‌ಡಿ (ನ್ಯೂರೊಮೈಲೈಟಿಸ್ ಆಪ್ಟಿಕಾ ಗುಂಪಿನ ಕಾಯಿಲೆ), ಮಾಗ್ಯಾಡ್ (ಮಾಗ್ ಎಂಬ ಮಯಲಿನ್ ಪ್ರೋಟೀನಿನ ಮೇಲೆ ಪ್ರತಿಕಾಯ ಹುಟ್ಟುವ ಕಾಯಿಲೆ) ಇವು ಮಿದುಳು, ಬೆನ್ನುಹುರಿ, ಕಣ್ಣಿನ ನರಗಳಿಗೆ ಬರುತ್ತವೆ. ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್), ಸಿಐಡಿಪಿ (ದೀರ್ಘಕಾಲ ಕಾಡುವ ನರಗಳ ಉರಿಯೂತ) ಬರುವುದು ಕೈಕಾಲಿನ ನರಗಳಿಗೆ. ಕಾಯಿಲೆ ಪತ್ತೆಯಾದ ಕೂಡಲೇ ಎಲ್ಲರೂ ಕೇಳುವುದು ‘ಯಾವ ಔಷಧ ಒಳ್ಳೆಯದು’ ಎಂದು. ಅದಕ್ಕೂ ಮೊದಲು ತಿಳಿಯಬೇಕಾದ್ದು, ಈ ಕಾಯಿಲೆಯಲ್ಲಿ ಊನ ಯಾವ ದಾರಿಯಿಂದ ಬರುತ್ತದೆ ಎಂಬುದು. ಔಷಧದ ಬಲ, ಅದನ್ನು ಶುರುಮಾಡುವ ಹೊತ್ತು, ಅಳೆಯುವ ಪರೀಕ್ಷೆ ಮೂರೂ ಅದರ ಮೇಲೆ ನಿಂತಿವೆ.

ದಾರಿಗಳು ಎರಡು. ಮೊದಲನೆಯದು ಮೆಟ್ಟಿಲು. ದಾಳಿ ಆಗುತ್ತದೆ, ಕೆಲವೇ ದಿನಗಳಲ್ಲಿ ಕಣ್ಣು ಮಂಜಾಗುತ್ತದೆ ಅಥವಾ ಕಾಲು ಸೋಲುತ್ತದೆ, ಮುಂದಿನ ವಾರಗಳಲ್ಲಿ ಒಂದಷ್ಟು ಸರಿಹೋಗುತ್ತದೆ. ಸರಿಹೋಗದೆ ಉಳಿದದ್ದು ಅಲ್ಲೇ ಉಳಿಯುತ್ತದೆ. ಮುಂದಿನ ದಾಳಿಯವರೆಗೆ ಸ್ಥಿತಿ ಸಮತಟ್ಟು. ಎರಡನೆಯದು ಇಳಿಜಾರು. ದಾಳಿ ಎಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಆಗಿರುವುದಿಲ್ಲ. ಆದರೂ ಹೋದ ವರ್ಷ ಎರಡು ಕಿಲೋಮೀಟರ್ ನಡೆಯುತ್ತಿದ್ದವರು ಈ ವರ್ಷ ಒಂದಕ್ಕೇ ಸುಸ್ತಾಗಿ ಕೂರುತ್ತಾರೆ. ಮೆಟ್ಟಿಲಿಗೆ ಕಾರಣ ರಕ್ತದಿಂದ ನರಮಂಡಲಕ್ಕೆ ನುಗ್ಗುವ ಟಿ ಮತ್ತು ಬಿ ಎಂಬ ರೋಗನಿರೋಧಕ ಕೋಶಗಳು, ಪ್ರತಿಕಾಯಗಳು. ಇಳಿಜಾರಿಗೆ ಕಾರಣ ಮಿದುಳಿನೊಳಗೇ ಬೀಡುಬಿಟ್ಟ ಉರಿಯೂತ: ಹಳೆಯ ಗಾಯಗಳ ಅಂಚಿನಲ್ಲಿ ಮೈಕ್ರೋಗ್ಲಿಯಾ ಎಂಬ ಮಿದುಳಿನ ಕಾವಲು ಕೋಶಗಳು ಕೆರಳಿಯೇ ಇರುತ್ತವೆ, ಮಯಲಿನ್ ಕಳೆದುಕೊಂಡ ತಂತುಗಳು ಶಕ್ತಿ ಸಾಲದೆ ಒಂದೊಂದಾಗಿ ಸಾಯುತ್ತವೆ. ರಕ್ತದಲ್ಲಿನ ಕೋಶಗಳನ್ನು ತಡೆಯುವ ಔಷಧಗಳು ಮೆಟ್ಟಿಲಿಗೆ ಚೆನ್ನಾಗಿ ನಾಟುತ್ತವೆ, ಇಳಿಜಾರಿಗೆ ಅಷ್ಟಾಗಿ ನಾಟುವುದಿಲ್ಲ. ಈ ಒಂದು ವ್ಯತ್ಯಾಸ ಮರೆತರೆ ಮುಂದಿನ ಹೋಲಿಕೆಗಳೆಲ್ಲ ದಾರಿ ತಪ್ಪುತ್ತವೆ.

ಯಾವ ಕಾಯಿಲೆ, ಯಾವ ದಾರಿ

ಎಂಎಸ್‌ನಲ್ಲಿ ಎರಡೂ ಇವೆ. ಸುಮಾರು 85 ಶೇಕಡಾ ಜನರಲ್ಲಿ ಅದು ದಾಳಿಗಳಿಂದಲೇ ಶುರುವಾಗುತ್ತದೆ. ಹತ್ತರಿಂದ ಹದಿನೈದು ಶೇಕಡಾ ಜನರಲ್ಲಿ ಮೊದಲ ದಿನದಿಂದಲೇ ಇಳಿಜಾರು, ಅದಕ್ಕೆ ಪ್ರೈಮರಿ ಪ್ರೊಗ್ರೆಸಿವ್ ಎನ್ನುತ್ತಾರೆ. ದಾಳಿಗಳಿಂದ ಶುರುವಾಗಿ ವರ್ಷಗಳ ನಂತರ ಇಳಿಜಾರಿಗೆ ಹೊರಳಿದರೆ ಸೆಕೆಂಡರಿ ಪ್ರೊಗ್ರೆಸಿವ್. ಮೊದಲು ದಾಳಿಗಳ ಕಾಲ, ಆಮೇಲೆ ಇಳಿಜಾರಿನ ಕಾಲ ಎಂದು ಬಹುಕಾಲ ನಂಬಿದ್ದರು. ಫ್ರಾನ್ಸಿನ ಲಿಯಾನ್ ನಗರದ ರೋಗಿಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನ ಈ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟಿತು. ನಡಿಗೆಗೆ ಒಂದು ಹಂತದ ತೊಡಕು ಬಂದ ಮೇಲೆ, ಹಿಂದೆ ಎಷ್ಟು ದಾಳಿ ಆಗಿತ್ತು ಎಂಬುದಕ್ಕೂ ಮುಂದೆ ಎಷ್ಟು ಬೇಗ ಊನ ಹೆಚ್ಚುತ್ತದೆ ಎಂಬುದಕ್ಕೂ ದೊಡ್ಡ ನಂಟು ಕಾಣಲಿಲ್ಲ. ಒಕ್ರೆಲಿಜುಮಾಬ್ ಎಂಬ ಎಂಎಸ್ ಔಷಧದ ಒಪೆರಾ ಪ್ರಯೋಗಗಳನ್ನು 2020ರಲ್ಲಿ ಮತ್ತೆ ಬಗೆದು ನೋಡಿದಾಗ ಇನ್ನೂ ಸ್ಪಷ್ಟವಾಯಿತು. ದಾಳಿಗಳಿರುವ ಎಂಎಸ್‌ನಲ್ಲೂ, ಪ್ರಯೋಗದ ಅವಧಿಯಲ್ಲಿ ಕೂಡಿಕೊಂಡ ಊನದ ಬಹುಪಾಲು ದಾಳಿಗೆ ಸಂಬಂಧವೇ ಇಲ್ಲದೆ ಬಂದಿತ್ತು. ಇದನ್ನು ಈಗ ತಜ್ಞರು ‘ಪೈರಾ’ ಎಂದು ಚುಟುಕಾಗಿ ಕರೆಯುತ್ತಾರೆ. ಇಳಿಜಾರು ಮೊದಲಿನಿಂದಲೂ ಅಡಿಯಲ್ಲಿ ಇರುತ್ತದೆ, ದಾಳಿಗಳ ಗದ್ದಲದಲ್ಲಿ ಕಾಣುವುದಿಲ್ಲ ಅಷ್ಟೇ.

ಎನ್‌ಎಂಒಎಸ್‌ಡಿ ಹಾಗಲ್ಲ. ಅದು ಅಪ್ಪಟ ಮೆಟ್ಟಿಲು, ಅದೂ ಎತ್ತರದ ಮೆಟ್ಟಿಲು. ಅಕ್ವಾಪೊರಿನ್-4 ಎಂಬ ನೀರಿನ ನಾಳದ ಮೇಲೆ ಪ್ರತಿಕಾಯ ಕೂರುತ್ತದೆ, ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳ ಸರಣಿ ಕೆರಳುತ್ತದೆ, ನರಕೋಶಗಳಿಗೆ ಆಸರೆಯಾದ ಆಸ್ಟ್ರೋಸೈಟ್ ಕೋಶಗಳು ಸಾಯುತ್ತವೆ. ಮಯಲಿನ್ ಹಾಳಾಗುವುದು ಅದರ ಹಿಂದೆ. ಈ ಪ್ರತಿಕಾಯವನ್ನು 2004ರಲ್ಲಿ ಗುರುತಿಸಿದರು, ಅದು ಕೂರುವ ಜಾಗ ಗೊತ್ತಾದದ್ದು 2005ರಲ್ಲಿ. ಅದಕ್ಕೂ ಮೊದಲು ಇದನ್ನು ಎಂಎಸ್‌ನ ಒಂದು ರೂಪವೆಂದೇ ಎಣಿಸುತ್ತಿದ್ದರು. ಬೆನ್ನುಹುರಿಯ ಗಾಯ ಮೂರು ಅಥವಾ ಹೆಚ್ಚು ಕಶೇರುಗಳ (ಬೆನ್ನೆಲುಬಿನ ಬಿಡಿ ಮೂಳೆಗಳ) ಉದ್ದಕ್ಕೆ ಹಬ್ಬುತ್ತದೆ. ಒಂದೇ ದಾಳಿಯಲ್ಲಿ ಕಣ್ಣು ಪೂರ್ತಿ ಹೋಗಬಹುದು, ಸೊಂಟದ ಕೆಳಗೆ ಬಲ ನಿಲ್ಲಬಹುದು. ದಾಳಿಗಳ ನಡುವೆ ಸದ್ದಿಲ್ಲದೆ ಹದಗೆಡುವುದು ಅಪರೂಪ. ಹಾಗಾಗಿ ಇಲ್ಲಿ ಒಂದು ದಾಳಿ ತಪ್ಪಿಸಿದರೆ ಒಂದು ಊನ ತಪ್ಪಿಸಿದಂತೆ.

ಮಾಗ್ಯಾಡ್ ಕೂಡ ಮೆಟ್ಟಿಲೇ, ಆದರೆ ಬಹುಪಾಲು ಮಂದಿ ಮತ್ತೆ ಮೇಲೇರುತ್ತಾರೆ. ಎರಡೂ ಕಣ್ಣಿನ ನರಗಳು ಒಟ್ಟಿಗೆ ಊದಿಕೊಂಡು ದೃಷ್ಟಿ ಹೋದವರಲ್ಲೂ ಸ್ಟಿರಾಯ್ಡ್ ಕೊಟ್ಟ ಕೆಲವೇ ದಿನಗಳಲ್ಲಿ ನೋಟ ಮರಳುವುದುಂಟು. ಎಂಆರ್‌ಐನಲ್ಲಿ ಕಂಡ ಕಲೆಗಳು ಪೂರ್ತಿ ಮಾಯವಾಗುವುದೂ ಉಂಟು, ಎಂಎಸ್‌ನಲ್ಲಿ ಹಾಗಾಗುವುದು ಅಪರೂಪ. ಒಂದೇ ದಾಳಿಗೆ ಮುಗಿದುಹೋಗುವವರು ಸಾಕಷ್ಟಿದ್ದಾರೆ. ಮಕ್ಕಳಲ್ಲಿ ಇದು ಏಡೆಮ್ ರೂಪದಲ್ಲಿ, ಅಂದರೆ ಮಂಪರು ಮತ್ತು ಗೊಂದಲದೊಡನೆ ಇಡೀ ಮಿದುಳಿಗೆ ಹಬ್ಬಿದ ಉರಿಯೂತವಾಗಿ ಬರುವುದು ಹೆಚ್ಚು.

ಜಿಬಿಎಸ್ ಒಂದೇ ಆಳವಾದ ಕುಸಿತ: ನಾಲ್ಕು ವಾರದೊಳಗೆ ತಳ ಮುಟ್ಟಿ, ತಿಂಗಳುಗಟ್ಟಲೆ ನಿಧಾನವಾಗಿ ಮೇಲೇರುತ್ತದೆ. ಎಂಟು ವಾರ ದಾಟಿದರೂ ಬಲ ಕುಂದುತ್ತಲೇ ಇದ್ದರೆ ಅದು ಸಿಐಡಿಪಿ. ಸಿಐಡಿಪಿ ಇಳಿಜಾರೂ ಆಗಬಹುದು, ಮೆಟ್ಟಿಲೂ ಆಗಬಹುದು. ಆದರೆ ಎಂಎಸ್‌ನ ಇಳಿಜಾರಿಗೂ ಇದಕ್ಕೂ ದೊಡ್ಡ ಅಂತರವಿದೆ: ಸಿಐಡಿಪಿಯ ಇಳಿಜಾರನ್ನು ಔಷಧದಿಂದ ತಿರುಗಿಸಬಹುದು. ತಿರುಗದೆ ಉಳಿಯುವುದು ಒಳಗಿನ ತಂತು ಸತ್ತ ಕಡೆ ಮಾತ್ರ. ಚಿಕಿತ್ಸೆ ತಡವಾದಷ್ಟೂ ಆ ಪಾಲು ಹೆಚ್ಚುತ್ತದೆ.

ಅಳೆಯುವುದು ಯಾವುದರಿಂದ

ಎಂಎಸ್‌ಗೆ ಜಗತ್ತಿನೆಲ್ಲೆಡೆ ಬಳಸುವ ಅಳತೆ ಇಡಿಎಸ್‌ಎಸ್. ಜಾನ್ ಕರ್ಟ್ಸ್‌ಕೆ 1983ರಲ್ಲಿ ರೂಪಿಸಿದ್ದು, ಸೊನ್ನೆಯಿಂದ ಹತ್ತರವರೆಗೆ, ಅರ್ಧ ಅರ್ಧ ಅಂಕದ ಏರಿಕೆ. 4.0 ಎಂದರೆ ನೆರವಿಲ್ಲದೆ, ನಡುವೆ ಕೂರದೆ ಸುಮಾರು 500 ಮೀಟರ್ ನಡಿಗೆ. 5.0ಕ್ಕೆ ಅದು 200 ಮೀಟರ್, 5.5ಕ್ಕೆ 100. 6.0 ಎಂದರೆ 100 ಮೀಟರಿಗೆ ಒಂದು ಕೋಲು ಬೇಕು, 6.5 ಎಂದರೆ ಎರಡೂ ಕೈಗೆ ಆಸರೆ ಹಿಡಿದು 20 ಮೀಟರ್. 7.0ರಲ್ಲಿ ಆಸರೆಯಿದ್ದರೂ ಐದು ಮೀಟರಿನಾಚೆ ಆಗದು, ಗಾಲಿಕುರ್ಚಿ ಬೇಕು. ಇದರ ದೋಷ ಈ ಪಟ್ಟಿಯಲ್ಲೇ ಕಾಣುತ್ತದೆ: ನಾಲ್ಕರಿಂದ ಏಳರವರೆಗೆ ಎಲ್ಲವೂ ಕಾಲಿನ ಲೆಕ್ಕ. ಕೈ ಮರಗಟ್ಟಿ ಗುಂಡಿ ಹಾಕಲು ಆಗದವರ, ನೆನಪು ಮತ್ತು ಯೋಚನೆಯ ವೇಗ ಕುಗ್ಗಿದವರ ನಷ್ಟ ಅಂಕದಲ್ಲಿ ಕಾಣಿಸುವುದೇ ಇಲ್ಲ. ಏಣಿಯ ಅಂತರಗಳೂ ಸಮ ಇಲ್ಲ. ಎರಡರಿಂದ ಮೂರಕ್ಕೆ ಹೋಗುವುದಕ್ಕೂ ಆರರಿಂದ ಏಳಕ್ಕೆ ಹೋಗುವುದಕ್ಕೂ ಹೋಲಿಕೆಯೇ ಇಲ್ಲ. ಅದಕ್ಕೇ ಪ್ರಯೋಗಗಳಲ್ಲಿ ‘ಹದಗೆಟ್ಟಿದೆ’ ಎನ್ನಲು ಸೊನ್ನೆಯಲ್ಲಿದ್ದವರಿಗೆ 1.5, 1ರಿಂದ 5ರವರೆಗಿದ್ದವರಿಗೆ 1, 5.5 ಅಥವಾ ಮೇಲಿದ್ದವರಿಗೆ 0.5 ಅಂಕದ ಏರಿಕೆ ಸಾಕು. ಅದು 12 ಅಥವಾ 24 ವಾರಗಳ ನಂತರದ ಪರೀಕ್ಷೆಯಲ್ಲೂ ಹಾಗೆಯೇ ಉಳಿದಿರಬೇಕು. ನಮ್ಮ ಮಟ್ಟಿಗೆ 24 ವಾರದ ಲೆಕ್ಕವೇ ಹೆಚ್ಚು ನಂಬಿಕೆಗೆ ತಕ್ಕದ್ದು. 12 ವಾರಕ್ಕೆ ಹದಗೆಟ್ಟಂತೆ ಕಂಡವರಲ್ಲಿ ಕೆಲವರು ದಾಳಿಯಿಂದ ಇನ್ನೂ ಚೇತರಿಸಿಕೊಳ್ಳುತ್ತಿರುವವರೇ ಆಗಿರುತ್ತಾರೆ.

ಇಳಿಜಾರನ್ನು ಹಿಡಿಯಲು ಇಡಿಎಸ್‌ಎಸ್‌ಗಿಂತ ಸ್ಟಾಪ್‌ವಾಚ್ ಚುರುಕು. 25 ಅಡಿ, ಅಂದರೆ 7.62 ಮೀಟರ್ ಸಮತಟ್ಟಾದ ನೆಲದ ಎರಡು ತುದಿಗೆ ಗುರುತು ಹಾಕಿ, ಬೀಳದ ಹಾಗೆ ಎಷ್ಟು ವೇಗವಾಗಿ ಆಗುತ್ತದೋ ಅಷ್ಟು ವೇಗವಾಗಿ ನಡೆಸಬೇಕು. ಮೊದಲ ಪಾದ ಗುರುತು ದಾಟಿದಾಗ ಗಡಿಯಾರ ಶುರು, ಕೊನೆಯ ಗುರುತು ದಾಟಿದಾಗ ನಿಲುಗಡೆ. ಕೂಡಲೇ ತಿರುಗಿ ಇನ್ನೊಮ್ಮೆ, ಎರಡರ ಸರಾಸರಿ ಬರೆದಿಡಬೇಕು. ಕೋಲು ಹಿಡಿಯುವವರು ಪ್ರತಿ ಸಲವೂ ಅದೇ ಕೋಲು ಹಿಡಿಯಬೇಕು, ಚಪ್ಪಲಿಯೂ ಅದೇ ಬಗೆಯದಿರಲಿ. ಹಿಂದಿನ ಅಳತೆಗಿಂತ ಸಮಯ 20 ಶೇಕಡಾ ಹೆಚ್ಚಾಗಿ, ಅದು ತಿಂಗಳುಗಳ ನಂತರವೂ ಇಳಿಯದಿದ್ದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಕೈಗೆ ಒಂಬತ್ತು ಕಡ್ಡಿಗಳ ಪರೀಕ್ಷೆ: ಒಂಬತ್ತು ಕಡ್ಡಿಗಳನ್ನು ಒಂದೊಂದಾಗಿ ತೂತುಗಳಿಗೆ ಹಾಕಿ ಮತ್ತೆ ತೆಗೆಯುವುದು, ಪ್ರತಿ ಕೈಗೂ ಎರಡೆರಡು ಸಲ. ಅದಕ್ಕೂ 20 ಶೇಕಡಾ ನಿಯಮವೇ. ಯೋಚನೆಯ ವೇಗಕ್ಕೆ ಎಸ್‌ಡಿಎಂಟಿ: ಚಿಹ್ನೆಗಳನ್ನು ಅಂಕಿಗಳಿಗೆ ಹೊಂದಿಸುವುದು, 90 ಸೆಕೆಂಡು. ನಾಲ್ಕು ಅಂಕ ಇಳಿದರೆ ಗಮನಿಸಬೇಕು. ಮೂರೂ ಸೇರಿ ಕಾಲು ಗಂಟೆಯ ಕೆಲಸ. ಆರು ತಿಂಗಳಿಗೊಮ್ಮೆ ಮಾಡಿಸುತ್ತ ಹೋದರೆ ಇಳಿಜಾರು ವರ್ಷದೊಳಗೇ ಕಾಣುತ್ತದೆ. ಬರೀ ‘ಹೇಗಿದ್ದೀರಿ, ಪರವಾಗಿಲ್ಲವಾ’ ಎಂಬ ಮಾತುಕತೆಯಲ್ಲಿ ಅದು ಹಲವು ವರ್ಷ ತಪ್ಪಿಸಿಕೊಳ್ಳುತ್ತದೆ.

ಸಿಐಡಿಪಿಗೆ ಈ ಅಳತೆಗಳು ಹೊಂದುವುದಿಲ್ಲ. ಅಲ್ಲಿ ಇನ್‌ಕ್ಯಾಟ್ ಅಂಕ (ಕೈಗೆ ಐದು, ಕಾಲಿಗೆ ಐದು, ಅಂಕ ಏರಿದಷ್ಟೂ ಊನ ಹೆಚ್ಚು), ದಿನನಿತ್ಯದ ಕೆಲಸಗಳ ಬಗ್ಗೆ ಕೇಳುವ ಐ-ರಾಡ್ಸ್ ಪ್ರಶ್ನಾವಳಿ, ಮುಷ್ಟಿಯ ಹಿಡಿತದ ಅಳತೆ ಬಳಸುತ್ತಾರೆ. ಈ ಮೂರರಲ್ಲಿ ಹಿಡಿತವೇ ಎಲ್ಲಕ್ಕಿಂತ ಬೇಗ ಸುಳಿವು ಕೊಡುವುದು ಸಾಮಾನ್ಯ. ಎನ್‌ಎಂಒಎಸ್‌ಡಿಯಲ್ಲಿ ಅಳತೆಗಿಂತ ದಾಳಿಗಳ ಎಣಿಕೆಗೆ ತೂಕ ಹೆಚ್ಚು. ಜೊತೆಗೆ ಬೆಳಕಿನಿಂದ ಕಣ್ಣಿನ ಒಳಪದರವನ್ನು ಅಳೆಯುವ ಒಸಿಟಿ ಪರೀಕ್ಷೆ ಮಾಡಿಸಿದರೆ ಹಳೆಯ ದಾಳಿ ನರವನ್ನು ಎಷ್ಟು ತೆಳುವಾಗಿಸಿದೆ ಎಂಬುದು ಅಂಕಿಯಲ್ಲಿ ಸಿಗುತ್ತದೆ.

ನಿಜವಾದ ದಾಳಿಯೋ, ಬಿಸಿಯೋ

ಔಷಧ ಬದಲಿಸುವ ಮೊದಲು ಇದು ತೀರ್ಮಾನವಾಗಬೇಕು. ಜ್ವರ, ಮೂತ್ರದ ಸೋಂಕು, ಬಿಸಿನೀರಿನ ಸ್ನಾನ, ಅತಿಯಾದ ಓಡಾಟ ಇವು ಹಳೆಯ ಗಾಯದ ಲಕ್ಷಣಗಳನ್ನೇ ಮತ್ತೆ ಎಬ್ಬಿಸುತ್ತವೆ. ಮಯಲಿನ್ ತೆಳುವಾದ ತಂತುವಿನಲ್ಲಿ ಬಿಸಿ ಏರಿದಾಗ ಸಂದೇಶ ಅರ್ಧದಲ್ಲೇ ನಿಲ್ಲುತ್ತದೆ, ತಣ್ಣಗಾದಾಗ ಮರಳುತ್ತದೆ. ಎಂಎಸ್‌ನಲ್ಲಿ ದಾಳಿ ಎನ್ನಬೇಕಾದರೆ ಲಕ್ಷಣ 24 ಗಂಟೆಗಿಂತ ಹೆಚ್ಚು ಇರಬೇಕು, ಜ್ವರ ಅಥವಾ ಸೋಂಕು ಇರಬಾರದು, ಹಿಂದಿನ ದಾಳಿಯಿಂದ ಕನಿಷ್ಠ 30 ದಿನ ಆಗಿರಬೇಕು. ಮೂತ್ರ ಪರೀಕ್ಷೆ ಮಾಡಿಸದೆ ಸ್ಟಿರಾಯ್ಡ್ ಶುರುಮಾಡುವುದು ದೊಡ್ಡ ತಪ್ಪು: ಸೋಂಕು ಹೆಚ್ಚುತ್ತದೆ, ಕಾಲು ಇನ್ನೂ ಸೋಲುತ್ತದೆ, ‘ಔಷಧ ಸೋತಿತು’ ಎಂದು ಚೀಟಿ ಬದಲಾಗುತ್ತದೆ.

ನಿಜವಾದ ದಾಳಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ ಒಂದು ಗ್ರಾಂ, ಮೂರರಿಂದ ಐದು ದಿನ. ಎಂಎಸ್‌ನಲ್ಲಿ ಅದು ಚೇತರಿಕೆಯನ್ನು ಬೇಗ ತರುತ್ತದೆ, ಕೊನೆಗೆ ಉಳಿಯುವ ಊನವನ್ನು ಅಷ್ಟಾಗಿ ಬದಲಿಸುವುದಿಲ್ಲ. ಆದ್ದರಿಂದ ಸಣ್ಣ ಜುಮ್ಮೆನ್ನುವಿಕೆಗೆ ಡ್ರಿಪ್ ಬೇಕಿಲ್ಲ. ಎನ್‌ಎಂಒಎಸ್‌ಡಿಯಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಸ್ಟಿರಾಯ್ಡ್‌ಗೆ ಕಾದು ನೋಡುತ್ತ ಕೂರದೆ, ದಾಳಿ ತೀವ್ರವಾಗಿದ್ದರೆ ಮೊದಲ ದಿನಗಳಲ್ಲೇ ಪ್ಲಾಸ್ಮಾ ಬದಲಾವಣೆಗೆ (ಪ್ರತಿಕಾಯಗಳಿರುವ ರಕ್ತದ ದ್ರವಭಾಗವನ್ನು ತೆಗೆದು ಬದಲಿಸುವುದಕ್ಕೆ) ಹೋಗಬೇಕು, ದಿನ ಬಿಟ್ಟು ದಿನ ಐದರಿಂದ ಏಳು ಸಲ. ತಡವಾದಷ್ಟೂ ಪೂರ್ತಿ ಗುಣವಾಗುವ ಅವಕಾಶ ಕುಸಿಯುತ್ತದೆ. ಬಿಡದ ಬಿಕ್ಕಳಿಕೆ, ಕಾರಣವಿಲ್ಲದ ವಾಂತಿ ದಿನಗಟ್ಟಲೆ ನಡೆದು ಹೊಟ್ಟೆಯ ವೈದ್ಯರ ಬಳಿ ಸುತ್ತಾಡುವವರಲ್ಲಿ ಕೆಲವರಿಗೆ ಇದೇ ಕಾಯಿಲೆ ಇರುತ್ತದೆ, ಮಿದುಳಿನ ಬುಡದಲ್ಲಿ ವಾಂತಿಯ ಕೇಂದ್ರಕ್ಕೆ ಆದ ದಾಳಿ ಅದು.

ಎಂಎಸ್: ಮೆಲ್ಲಗೆ ಏರುವುದೋ, ಗಟ್ಟಿಯಾಗಿ ಶುರುಮಾಡುವುದೋ

ಸೌಮ್ಯ ಔಷಧಗಳೆಂದರೆ ಇಂಟರ್ಫೆರಾನ್, ಗ್ಲಾಟಿರಾಮರ್ ಚುಚ್ಚುಮದ್ದುಗಳು, ಟೆರಿಫ್ಲೂನೊಮೈಡ್ 14 ಮಿಲಿಗ್ರಾಂ ಮಾತ್ರೆ, ಡೈಮಿಥೈಲ್ ಫ್ಯೂಮರೇಟ್ 240 ಮಿಲಿಗ್ರಾಂ ದಿನಕ್ಕೆರಡು. ಬಲವಾದವು ನಟಾಲಿಜುಮಾಬ್, ಒಕ್ರೆಲಿಜುಮಾಬ್, ಒಫಾಟುಮುಮಾಬ್, ಅಲೆಮ್ಟುಜುಮಾಬ್. ನಡುವೆ ಫಿಂಗೊಲಿಮಾಡ್, ಕ್ಲಾಡ್ರಿಬಿನ್. ಹಳೆಯ ರೂಢಿಯಲ್ಲಿ ಸೌಮ್ಯದಿಂದ ಶುರುಮಾಡಿ, ದಾಳಿ ಆದರೆ ಮೇಲಿನದಕ್ಕೆ ಏರುತ್ತಿದ್ದರು. ಇದರ ತೊಂದರೆ ಸರಳ: ಔಷಧ ಸೋತಿದೆ ಎಂದು ತಿಳಿಯಲು ಒಂದು ಮೆಟ್ಟಿಲು ಇಳಿಯಲೇಬೇಕು. ಬೆನ್ನುಹುರಿಯಲ್ಲಿ ಕಲೆ, ಮೊದಲ ದಾಳಿಯಿಂದ ಅರೆಬರೆ ಚೇತರಿಕೆ, ಎಂಆರ್‌ಐನಲ್ಲಿ ತುಂಬ ಕಲೆ, ಮೊದಲ ಎರಡು ವರ್ಷದಲ್ಲಿ ಮೇಲಿಂದ ಮೇಲೆ ದಾಳಿ ಇವುಗಳಲ್ಲಿ ಒಂದೆರಡು ಇದ್ದರೂ ಗಟ್ಟಿಯಾದುದರಿಂದಲೇ ಶುರುಮಾಡುವುದು ಮೇಲು ಎಂಬ ಕಡೆಗೆ ನಮ್ಮ ಒಲವು. ಒಪೆರಾ ಪ್ರಯೋಗಗಳಲ್ಲಿ ಇಂಟರ್ಫೆರಾನ್‌ಗೆ ಹೋಲಿಸಿದರೆ ಒಕ್ರೆಲಿಜುಮಾಬ್ ದಾಳಿಗಳನ್ನು 46-47 ಶೇಕಡಾ, 12 ವಾರಕ್ಕೆ ಖಚಿತವಾದ ಊನವನ್ನು 40 ಶೇಕಡಾ ಇಳಿಸಿತು. ಸೌಮ್ಯ ಔಷಧ ಸಾಕಾಗುವುದು, ಕಲೆಗಳು ಕಡಿಮೆ ಇದ್ದು ದಾಳಿಯಿಂದ ಪೂರ್ತಿ ಚೇತರಿಸಿಕೊಂಡವರಿಗೆ, ಅಥವಾ ಪದೇ ಪದೇ ಸೋಂಕು ಬರುವವರಿಗೆ.

ಬಲವಾದವುಗಳಲ್ಲೇ ಆರಿಸುವಾಗ ರಕ್ತ ಪರೀಕ್ಷೆ ಅರ್ಧ ಉತ್ತರ ಕೊಡುತ್ತದೆ. ಜೆಸಿ ವೈರಸ್ಸಿನ ಪ್ರತಿಕಾಯ ಇಲ್ಲದವರಿಗೆ ನಟಾಲಿಜುಮಾಬ್ (ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ) ಒಳ್ಳೆಯ ಆಯ್ಕೆ, ಬೇಗ ಕೆಲಸ ಮಾಡುತ್ತದೆ. ಪ್ರತಿಕಾಯದ ಸೂಚ್ಯಂಕ 1.5 ದಾಟಿದ್ದರೆ, ಎರಡು ವರ್ಷ ಮೀರಿ ಪಡೆದಿದ್ದರೆ, ಹಿಂದೆ ಬೇರೆ ಇಮ್ಯೂನ್ ತಗ್ಗಿಸುವ ಔಷಧ ತೆಗೆದುಕೊಂಡಿದ್ದರೆ ಆ ವೈರಸ್ಸಿನಿಂದ ಬರುವ ಪಿಎಂಎಲ್ ಎಂಬ ಮಿದುಳಿನ ಸೋಂಕಿನ ಅಪಾಯ ಏರುತ್ತದೆ. ಒಕ್ರೆಲಿಜುಮಾಬ್ ಆರು ತಿಂಗಳಿಗೊಮ್ಮೆ 600 ಮಿಲಿಗ್ರಾಂ ಡ್ರಿಪ್, ಒಫಾಟುಮುಮಾಬ್ ಮನೆಯಲ್ಲೇ ತಿಂಗಳಿಗೊಮ್ಮೆ 20 ಮಿಲಿಗ್ರಾಂ ಚುಚ್ಚುಮದ್ದು. ಎರಡಕ್ಕೂ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಲಸಿಕೆಗಳನ್ನು ಮೊದಲೇ ಮುಗಿಸಬೇಕು. ವರ್ಷಗಳು ಕಳೆದಂತೆ ರಕ್ತದ ಇಮ್ಯುನೊಗ್ಲೊಬುಲಿನ್ (ಪ್ರತಿಕಾಯಗಳ ಒಟ್ಟು ಮಟ್ಟ) ಇಳಿಯುತ್ತದೆ, ಅದನ್ನು ಅಳೆಯುತ್ತಿರಬೇಕು. ಮಗು ಬೇಕೆನ್ನುವವರು ಟೆರಿಫ್ಲೂನೊಮೈಡ್, ಫಿಂಗೊಲಿಮಾಡ್, ಕ್ಲಾಡ್ರಿಬಿನ್‌ಗಳ ಬಗ್ಗೆ ಔಷಧ ಶುರುವಾಗುವ ಮೊದಲೇ ಮಾತಾಡಬೇಕು. ನಟಾಲಿಜುಮಾಬ್, ಫಿಂಗೊಲಿಮಾಡ್ ಇವನ್ನು ಹಠಾತ್ತಾಗಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದ ಕೆಲವು ತಿಂಗಳಲ್ಲಿ ದಾಳಿಗಳು ಮೊದಲಿಗಿಂತ ಜೋರಾಗಿ ಮರಳುತ್ತವೆ. ಮುಂದಿನ ಔಷಧ ಗೊತ್ತುಮಾಡಿಕೊಂಡೇ ಬಿಡಬೇಕು.

ಇಳಿಜಾರು ಶುರುವಾದವರಿಗೆ ಆಯ್ಕೆಗಳು ಕಡಿಮೆ, ಲಾಭವೂ ಸಣ್ಣದು. ಅದನ್ನು ಮರೆಮಾಚಿ ಹೇಳುವುದರಲ್ಲಿ ಅರ್ಥವಿಲ್ಲ. ಪ್ರೈಮರಿ ಪ್ರೊಗ್ರೆಸಿವ್‌ಗೆ ಒಕ್ರೆಲಿಜುಮಾಬ್: ಒರಟೋರಿಯೊ ಪ್ರಯೋಗದಲ್ಲಿ 12 ವಾರಕ್ಕೆ ಖಚಿತವಾದ ಊನ ಔಷಧ ಪಡೆದವರಲ್ಲಿ 32.9, ಪಡೆಯದವರಲ್ಲಿ 39.3 ಶೇಕಡಾ. ಅಲ್ಲಿ ಸೇರಿಸಿಕೊಂಡವರು 55 ವರ್ಷದೊಳಗಿನವರು, ಇಡಿಎಸ್‌ಎಸ್ 3ರಿಂದ 6.5. ಅದರಾಚೆಯವರಿಗೆ ಅದೇ ಫಲ ಸಿಕ್ಕೀತೆಂದು ಹೇಳುವಂತಿಲ್ಲ. ಸೆಕೆಂಡರಿ ಪ್ರೊಗ್ರೆಸಿವ್‌ಗೆ ಸಿಪೊನಿಮಾಡ್: ಎಕ್ಸ್‌ಪ್ಯಾಂಡ್ ಪ್ರಯೋಗದಲ್ಲಿ ಅದೇ ಲೆಕ್ಕ ಔಷಧ ಪಡೆದವರಲ್ಲಿ 26, ಪಡೆಯದವರಲ್ಲಿ 32 ಶೇಕಡಾ. ಶುರುಮಾಡುವ ಮೊದಲು, ದೇಹ ಈ ಔಷಧವನ್ನು ಎಷ್ಟು ಬೇಗ ಕರಗಿಸುತ್ತದೆ ಎಂದು ತಿಳಿಯಲು ಸಿವೈಪಿ2ಸಿ9 ಜೀನ್ ಪರೀಕ್ಷೆ ಬೇಕು. ಎರಡರಲ್ಲೂ ಲಾಭ ಹೆಚ್ಚು ಕಂಡದ್ದು ಕಿರಿಯರಲ್ಲಿ, ಎಂಆರ್‌ಐನಲ್ಲಿ ಇನ್ನೂ ಚುರುಕಾದ ಕಲೆಯಿದ್ದವರಲ್ಲಿ. ದಾಳಿ ನಿಂತೇಹೋಗಿ ಬರೀ ಇಳಿಜಾರು ಉಳಿದವರಲ್ಲಿ ಟೊಲೆಬ್ರುಟಿನಿಬ್ ಮಾತ್ರೆಯ ಹರ್ಕ್ಯುಲಿಸ್ ಪ್ರಯೋಗ ಆರು ತಿಂಗಳಿಗೆ ಖಚಿತವಾದ ಊನವನ್ನು 30.7ರಿಂದ 22.6 ಶೇಕಡಾಕ್ಕೆ ಇಳಿಸಿತು. ಅದು ಮಿದುಳಿನೊಳಗೆ ಹೋಗಿ ಮೈಕ್ರೋಗ್ಲಿಯಾವನ್ನೂ ಮುಟ್ಟುವಂಥದ್ದು. ಯಕೃತ್ತಿಗೆ ಪೆಟ್ಟಾಗುವ ಅಪಾಯವೇ ಅದರ ದೊಡ್ಡ ತೊಡಕು. ಇದೇ ಗುಂಪಿನ ಜನರಿಗೆ ಔಷಧದಾಚೆಯ ಕೆಲಸಗಳ ತೂಕ ಹೆಚ್ಚು: ಧೂಮಪಾನ ಬಿಡುವುದು, ಮೂತ್ರದ ಸೋಂಕು ತಡೆಯುವುದು, ಫಿಸಿಯೋಥೆರಪಿ. ಫ್ಯಾಂಪ್ರಿಡಿನ್ 10 ಮಿಲಿಗ್ರಾಂ 12 ಗಂಟೆಗೊಮ್ಮೆ ಕೆಲವರ ನಡಿಗೆಯನ್ನು ಚುರುಕಾಗಿಸುತ್ತದೆ. ಎರಡು ವಾರ ಕೊಟ್ಟು 25 ಅಡಿಯ ನಡಿಗೆ ಅಳೆದು, ಫಲ ಕಾಣದಿದ್ದರೆ ನಿಲ್ಲಿಸಬೇಕು. ಫಿಟ್ಸ್ ಇದ್ದವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ ಅದು ಸಲ್ಲದು.

ವಯಸ್ಸಾದ ಮೇಲೆ ಔಷಧ ನಿಲ್ಲಿಸಬಹುದೇ? 55 ದಾಟಿದ, ಐದು ವರ್ಷ ದಾಳಿಯಾಗದ ಜನರಲ್ಲಿ ಡಿಸ್ಕೋಎಂಎಸ್ ಪ್ರಯೋಗ ನಡೆಯಿತು. ನಿಲ್ಲಿಸಿದವರಲ್ಲಿ 12.2, ಮುಂದುವರಿಸಿದವರಲ್ಲಿ 4.7 ಶೇಕಡಾ ಮಂದಿಗೆ ಹೊಸ ದಾಳಿ ಅಥವಾ ಹೊಸ ಕಲೆ ಬಂತು. ನಿಲ್ಲಿಸುವುದು ಹುಚ್ಚುತನವಲ್ಲ, ಆದರೆ ನಿಲ್ಲಿಸಿದ ಮೇಲೆ ಎಂಆರ್‌ಐ ತಪ್ಪಿಸುವಂತಿಲ್ಲ.

ಎನ್‌ಎಂಒಎಸ್‌ಡಿ, ಮಾಗ್ಯಾಡ್

ಎನ್‌ಎಂಒಎಸ್‌ಡಿಯಲ್ಲಿ ಮೆಲ್ಲಗೆ ಏರುವ ಮಾತೇ ಇಲ್ಲ. ಮೊದಲ ದಾಳಿಗೇ ತಡೆಯುವ ಔಷಧ ಶುರುವಾಗಬೇಕು. ಕಾಂಪ್ಲಿಮೆಂಟ್ ಸರಣಿಯನ್ನು ತಡೆಯುವ ಎಕ್ಯುಲಿಜುಮಾಬ್‌ನ ಪ್ರಿವೆಂಟ್ ಪ್ರಯೋಗದಲ್ಲಿ ದಾಳಿ ಆದದ್ದು ಔಷಧ ಪಡೆದವರಲ್ಲಿ 3 ಶೇಕಡಾ, ಪಡೆಯದವರಲ್ಲಿ 43 ಶೇಕಡಾ. ಇಷ್ಟು ದೊಡ್ಡ ಅಂತರ ನರರೋಗಗಳಲ್ಲಿ ಅಪರೂಪ. ಅದೇ ಬಗೆಯ ರಾವುಲಿಜುಮಾಬ್‌ಗೆ ಡ್ರಿಪ್‌ಗಳ ನಡುವಿನ ಅವಧಿ ಉದ್ದ. ಇವೆರಡಕ್ಕೂ ಕನಿಷ್ಠ ಎರಡು ವಾರ ಮೊದಲು ಮೆನಿಂಜೊಕಾಕಲ್ ಲಸಿಕೆ ಬೇಕು. ಕಾಯಲು ಸಮಯವಿಲ್ಲದಿದ್ದರೆ ಆ್ಯಂಟಿಬಯಾಟಿಕ್ ರಕ್ಷಣೆಯೊಡನೆ ಶುರುಮಾಡಬೇಕು. ಇನೆಬಿಲಿಜುಮಾಬ್, ಸಾಟ್ರಲಿಜುಮಾಬ್ ಬೇರೆ ದಾರಿಯಿಂದ ಕೆಲಸ ಮಾಡುತ್ತವೆ. ಇವು ಸಿಗದ ಕಡೆ ರಿಟುಕ್ಸಿಮಾಬ್ ಗಟ್ಟಿಯಾದ ಆಯ್ಕೆ. ಅಜಾಥಯೊಪ್ರಿನ್ ಮತ್ತು ಮೈಕೊಫಿನೊಲೇಟ್ ಹಿಡಿತಕ್ಕೆ ಬರಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಪ್ರೆಡ್ನಿಸೊಲೋನ್ ಬಿಡಬಾರದು. ಈ ಮಧ್ಯದ ಅವಧಿಯಲ್ಲೇ ಎಷ್ಟೋ ದಾಳಿಗಳು ಆಗುವುದು. ಇನ್ನೊಂದು ಅಪಾಯ, ಇದನ್ನು ಎಂಎಸ್ ಎಂದು ತಿಳಿದು ಇಂಟರ್ಫೆರಾನ್, ಫಿಂಗೊಲಿಮಾಡ್ ಅಥವಾ ನಟಾಲಿಜುಮಾಬ್ ಕೊಡುವುದು. ಅವು ಈ ಕಾಯಿಲೆಯನ್ನು ಕೆರಳಿಸುತ್ತವೆ. ಉದ್ದನೆಯ ಬೆನ್ನುಹುರಿ ಗಾಯ ಕಂಡರೆ ಪ್ರತಿಕಾಯ ಪರೀಕ್ಷೆಯ ವರದಿ ಬರುವ ಮುನ್ನ ಎಂಎಸ್ ಔಷಧ ಬೇಡ. ಪರೀಕ್ಷೆ ಜೀವಂತ ಅಥವಾ ಸ್ಥಿರಗೊಳಿಸಿದ ಕೋಶಗಳ ಮೇಲೆ ಮಾಡುವಂಥದ್ದೇ ಇರಲಿ, ಎಲೈಸಾ ಎಂಬ ಇನ್ನೊಂದು ಬಗೆಯ ರಕ್ತ ಪರೀಕ್ಷೆ ಅಷ್ಟು ನಿಖರವಲ್ಲ.

ಮಾಗ್ಯಾಡ್‌ನಲ್ಲಿ ಮೊದಲ ದಾಳಿಗೇ ವರ್ಷಗಟ್ಟಲೆ ಔಷಧ ಹೇರುವುದು ಹಲವರಿಗೆ ಅನಗತ್ಯ. ಸ್ಟಿರಾಯ್ಡ್ ನಿಧಾನವಾಗಿ ಇಳಿಸುತ್ತ ಕಾಯಬಹುದು. ಬೇಗ ಇಳಿಸಿದರೆ ದಾಳಿ ಮರುಕಳಿಸುವುದು ಇದರ ಸ್ವಭಾವ. ಮರುಕಳಿಸಿದವರಿಗೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್), ಅಜಾಥಯೊಪ್ರಿನ್, ಮೈಕೊಫಿನೊಲೇಟ್. ರಿಟುಕ್ಸಿಮಾಬ್ ಇಲ್ಲಿ ಎನ್‌ಎಂಒಎಸ್‌ಡಿಯಲ್ಲಿ ಮಾಡಿದಷ್ಟು ಕೆಲಸ ಮಾಡುವುದಿಲ್ಲ. ಪ್ರತಿಕಾಯದ ಮಟ್ಟ ತೀರ ಕಡಿಮೆ ಬಂದರೆ ಆ ವರದಿಯನ್ನೇ ನಂಬಿ ಹೆಸರಿಡಬಾರದು. ಆರೋಗ್ಯವಂತರಲ್ಲೂ ಎಂಎಸ್ ಇದ್ದವರಲ್ಲೂ ಅದು ಕಾಣಿಸಿಕೊಳ್ಳುತ್ತದೆ.

ಕೈಕಾಲಿನ ನರಗಳು

ಜಿಬಿಎಸ್‌ನಲ್ಲಿ ಆಯ್ಕೆ ಎರಡೇ: ಐವಿಐಜಿ ದಿನಕ್ಕೆ ಕೆಜಿಗೆ 0.4 ಗ್ರಾಂನಂತೆ ಐದು ದಿನ, ಅಥವಾ ಪ್ಲಾಸ್ಮಾ ಬದಲಾವಣೆ. ಫಲ ಸಮ, ಆದ್ದರಿಂದ ಬೇಗ ಸಿಗುವುದನ್ನು ಆರಿಸಬೇಕು. ಸ್ಟಿರಾಯ್ಡ್‌ನಿಂದ ಲಾಭವಿಲ್ಲ. ಎರಡನೇ ಸಲ ಐವಿಐಜಿ ಕೊಟ್ಟರೆ ರಕ್ತ ಹೆಪ್ಪುಗಟ್ಟುವ ಅಪಾಯವೇ ಹೆಚ್ಚಿತು, ಚೇತರಿಕೆ ಹೆಚ್ಚಲಿಲ್ಲ. ಇಲ್ಲಿ ಜೀವ ಉಳಿಸುವುದು ಉಸಿರಿನ ಅಳತೆ: ವೈಟಲ್ ಕೆಪ್ಯಾಸಿಟಿ (ಪೂರ್ತಿ ಉಸಿರೆಳೆದು ಹೊರಬಿಡಬಲ್ಲ ಗಾಳಿಯ ಪ್ರಮಾಣ) ಕೆಜಿಗೆ 20 ಮಿಲಿಲೀಟರಿಗಿಂತ ಕೆಳಗಿಳಿದರೆ ಐಸಿಯುಗೆ ಹೋಗಬೇಕು, ಆಮ್ಲಜನಕದ ಮಟ್ಟ ಇಳಿಯುವವರೆಗೆ ಕಾಯಬಾರದು.

ಸಿಐಡಿಪಿಯಲ್ಲಿ ಐವಿಐಜಿ ಬೇಗ ಕೆಲಸ ಮಾಡುತ್ತದೆ, ಸ್ಟಿರಾಯ್ಡ್ ನಿಧಾನ. ಆದರೆ ಸ್ಟಿರಾಯ್ಡ್ ನಿಲ್ಲಿಸಿದ ಮೇಲೂ ಕಾಯಿಲೆ ತಣ್ಣಗಿರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆ, ಮೂಳೆ ಸವೆತ ಇರುವವರಿಗೆ ಐವಿಐಜಿ ಮೇಲು. ಬರೀ ಬಲ ಕುಂದಿ ಸ್ಪರ್ಶ ಸರಿಯಿರುವ ಬಗೆಯಲ್ಲಿ ಸ್ಟಿರಾಯ್ಡ್ ಕಾಯಿಲೆಯನ್ನು ಕೆಡಿಸಬಹುದು. ಎರಡಕ್ಕೂ ಜಗ್ಗದಿದ್ದರೆ ನ್ಯೂರೊಫ್ಯಾಸಿನ್-155, ಕಾಂಟ್ಯಾಕ್ಟಿನ್-1 ಎಂಬ ನರದ ಪ್ರೋಟೀನುಗಳ ಮೇಲೆ ಪ್ರತಿಕಾಯಗಳಿವೆಯೇ ಎಂದು ನೋಡಬೇಕು. ಅವು ಇದ್ದರೆ ಐವಿಐಜಿ ಸುರಿದು ಫಲವಿಲ್ಲ, ರಿಟುಕ್ಸಿಮಾಬ್ ನಾಟುತ್ತದೆ. ಐವಿಐಜಿ ಮೊದಲು ಕೆಜಿಗೆ ಎರಡು ಗ್ರಾಂ, ಎರಡರಿಂದ ಐದು ದಿನಗಳಲ್ಲಿ ಹಂಚಿ. ಆಮೇಲೆ ಮೂರು ವಾರಕ್ಕೊಮ್ಮೆ ಕೆಜಿಗೆ ಒಂದು ಗ್ರಾಂ. ಮುಂದಿನ ಡೋಸಿನ ಮುಂಚಿನ ವಾರದಲ್ಲಿ ಹಿಡಿತ ಸಡಿಲವಾಗುತ್ತಿದ್ದರೆ ಔಷಧ ಸೋತಿಲ್ಲ, ಅಂತರ ಉದ್ದವಾಗಿದೆ ಎಂದರ್ಥ. ಸ್ಥಿತಿ ಸ್ಥಿರವಾದ ಮೇಲೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಡೋಸನ್ನು ಕಾಲು ಭಾಗ ಇಳಿಸಿ ನೋಡಬೇಕು. ಇಳಿಸುವ ಮುನ್ನ ಹಿಡಿತ ಮತ್ತು ಇನ್‌ಕ್ಯಾಟ್ ಅಂಕ ಬರೆದಿಟ್ಟುಕೊಂಡು, ಮುಂದಿನ ಎರಡು ಡೋಸುಗಳ ಮೊದಲು ಅದೇ ಉಪಕರಣದಲ್ಲಿ ಮತ್ತೆ ಅಳೆಯಬೇಕು. ಇನ್‌ಕ್ಯಾಟ್ ಅಂಕ ಒಂದು ಏರಿದರೆ ಹಿಂದಿನ ಡೋಸಿಗೇ ಮರಳಬೇಕು.